ಲಕ್ವ ಹೊಡೆದ ಮೇಲೆ ನಡಿಗೆ: ಅಳೆಯುವುದು ಹೇಗೆ?



ನಾನು ಷಿಕಾಗೋ ಉಪನಗರವೊಂದರಲ್ಲಿ ಫಿಸಿಕಲ್ ಥೆರಪಿಸ್ಟ್. ಸ್ಟ್ರೋಕ್ ಆದ ಅಪ್ಪ ಅಮ್ಮಂದಿರನ್ನು ನೋಡಿಕೊಳ್ಳುವ ನಮ್ಮವರು ಕೇಳುವ ಮೊದಲ ಪ್ರಶ್ನೆ: "ಮತ್ತೆ ಮೊದಲಿನ ಹಾಗೆ ನಡೀತಾರಾ?" ಇದಕ್ಕೆ "ಈಗ ಪರವಾಗಿಲ್ಲ" ಎಂಬ ಉತ್ತರ ಸಾಲದು. ಅವರು ಒಬ್ಬರೇ ರಸ್ತೆ ದಾಟಬಹುದೇ, ಅವರನ್ನು ಮನೆಯಲ್ಲಿ ಬಿಟ್ಟು ನಾವು ಕೆಲಸಕ್ಕೆ ಹೋಗಬಹುದೇ ಎಂದು ಯೋಚಿಸುವಾಗ ಕೈಯಲ್ಲಿ ಅಂಕಿ ಇರಬೇಕು. ಅದಕ್ಕಾಗಿ ನಾವು ಹೆಚ್ಚಾಗಿ ಮಾಡುವ ಮೂರು ಪರೀಕ್ಷೆಗಳು ಇವು.

1. ಹತ್ತು ಮೀಟರ್ ನಡಿಗೆ: ರೋಗಿ ಹತ್ತು ಮೀಟರ್ ನಡೆಯುತ್ತಾರೆ, ನಡುವಿನ ಆರು ಮೀಟರಿಗೆ ಹಿಡಿದ ಸಮಯವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ. 12 ಸೆಕೆಂಡ್ ಹಿಡಿದರೆ ವೇಗ ಸೆಕೆಂಡಿಗೆ 0.5 ಮೀಟರ್. ಜಾಕ್ವೆಲಿನ್ ಪೆರಿ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ವಿಂಗಡಣೆಯ ಪ್ರಕಾರ 0.4ಕ್ಕಿಂತ ಕಡಿಮೆ ಇದ್ದರೆ ಓಡಾಟ ಮನೆಯೊಳಗೆ; 0.4ರಿಂದ 0.8ರವರೆಗೆ ಹೊರಗೆ ಅಲ್ಪಸ್ವಲ್ಪ, 0.8 ದಾಟಿದರೆ ಊರೆಲ್ಲ ಓಡಾಡಬಲ್ಲರು. ಆದರೆ ಅಮೆರಿಕದಲ್ಲಿ ಸಿಗ್ನಲ್ ಸಮಯವನ್ನು ಸಾಮಾನ್ಯವಾಗಿ ಸೆಕೆಂಡಿಗೆ 3.5 ಅಡಿ, ಅಂದರೆ ಸುಮಾರು 1.07 ಮೀಟರ್ ನಡೆಯುವವರನ್ನು ಇಟ್ಟುಕೊಂಡು ಲೆಕ್ಕ ಹಾಕುತ್ತಾರೆ. ಹೀಗಾಗಿ ಡೆಟ್ರಾಯಿಟ್‌ನ ವುಡ್‌ವರ್ಡ್ ಅವೆನ್ಯೂವಿನಂಥ ಅಗಲವಾದ ರಸ್ತೆಯಲ್ಲಿ 0.8ರ ವೇಗವೂ ಸಾಲದೆ ಹೋಗಬಹುದು.

2. ಎದ್ದು, ನಡೆದು, ಕೂರುವುದು: ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. ವಯಸ್ಸಾದವರಿಗೆ 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆ ಎಂದು ಸಿಡಿಸಿ ಹೇಳುತ್ತದೆ. ತಿರುಗುವಾಗ ತಡವರಿಸುತ್ತಾರೆಯೇ ಎಂಬುದನ್ನೂ ನಾನು ನೋಡುತ್ತೇನೆ.

3. ಆರು ನಿಮಿಷದ ನಡಿಗೆ: ಆರು ನಿಮಿಷದಲ್ಲಿ ಎಷ್ಟು ದೂರ ನಡೆದರು ಎಂಬುದು ತ್ರಾಣದ ಅಳತೆ. ಚುರುಕಾಗಿ ಹತ್ತು ಹೆಜ್ಜೆ ಹಾಕುವವರು ಅಂಗಡಿ ಸುತ್ತುವಷ್ಟರಲ್ಲಿ ಸುಸ್ತಾಗಬಹುದು.

ಮನೆಯವರಿಗೆ ಕೆಲವು ಮಾತು:

* "ಬೇಗ ಬೇಗ ನಡೀರಿ" ಎಂದು ಹುರಿದುಂಬಿಸಬೇಡಿ, ಕೈ ಹಿಡಿಯಬೇಡಿ. ಥೆರಪಿಸ್ಟ್ ಹೇಳಿದ್ದನ್ನು ಕನ್ನಡದಲ್ಲಿ ಹೇಳಬೇಕಾದರೆ "ದಿನಾ ನಡೆಯೋ ಹಾಗೆ ನಡೀರಿ" ಎಂದರೆ ಸಾಕು.

* ಪ್ರತಿ ಸಲವೂ ಅದೇ ಶೂ, ಅದೇ ಊರುಗೋಲು ಇರಲಿ. ಒಮ್ಮೆ ಚಪ್ಪಲಿ, ಇನ್ನೊಮ್ಮೆ ಶೂ ಹಾಕಿದರೆ ಹೋಲಿಕೆ ತಪ್ಪುತ್ತದೆ.

* ಥೆರಪಿಸ್ಟ್ ಇಲ್ಲದೆ ಈ ಪರೀಕ್ಷೆಗಳನ್ನು ಮನೆಯಲ್ಲಿ ಮಾಡಬೇಡಿ. ಬಿದ್ದರೆ ಸೊಂಟದ ಮೂಳೆ ಮುರಿಯಬಹುದು.

* ಅಂಕಿಗಳನ್ನು ದಿನಾಂಕದೊಂದಿಗೆ ಬರೆದಿಟ್ಟುಕೊಳ್ಳಿ. ಸ್ಟ್ರೋಕ್ ಆದ ಮೊದಲ ತಿಂಗಳುಗಳಲ್ಲಿ ವೇಗ ಸೆಕೆಂಡಿಗೆ 0.16 ಮೀಟರ್‌ನಷ್ಟು ಏರಿದರೆ ಅದು ನಿಜವಾದ ಸುಧಾರಣೆ ಎಂದು 2010ರ ಅಧ್ಯಯನವೊಂದು ತೋರಿಸಿದೆ. ಕಣ್ಣಿಗೆ ಕಾಣದ ಇಷ್ಟು ಏರಿಕೆ ಕಾಗದದ ಮೇಲೆ ಕಾಣುತ್ತದೆ. "ಏನೂ ಪ್ರಯೋಜನವಿಲ್ಲ" ಎಂದು ಕೈಚೆಲ್ಲಿದ ಹಿರಿಯರಿಗೆ ಅದನ್ನೇ ತೋರಿಸಿ.

ಷಿಕಾಗೋದ ಶರ್ಲಿ ರಯನ್ ಎಬಿಲಿಟಿಲ್ಯಾಬ್ ಈ ಪರೀಕ್ಷೆಗಳ ವಿವರಗಳನ್ನು ಉಚಿತವಾಗಿ ಒದಗಿಸುತ್ತದೆ, ಬಿಡುವಾದಾಗ ಓದಿ. ಮುಂದಿನ ಭೇಟಿಯಲ್ಲಿ ಥೆರಪಿಸ್ಟನ್ನು ತಪ್ಪದೆ ಕೇಳಿ: "ಇವತ್ತಿನ ವೇಗ ಎಷ್ಟು? ಹೋದ ಸಲ ಎಷ್ಟಿತ್ತು?"