ಆಸ್ತಿ ಮೌಲ್ಯಮಾಪಕರಾಗಲು ಒಂಬತ್ತು ವರ್ಷ, ಒಂಬತ್ತು ಸೂತ್ರ

ಮೈಸೂರಿನ ಮಂಡಿ ಮೊಹಲ್ಲಾದ ಯಾವುದೇ ಗಲ್ಲಿಯಲ್ಲಿ ನಿಂತು ನೋಡಿ. ಕೆಳಗೆ ಅಂಗಡಿ, ಮೇಲೆ ಸಂಸಾರ. ಎರಡು ಮನೆಗೆ ಒಂದೇ ಗೋಡೆ. ಮುಂದೆ ಆರ್‌ಸಿಸಿ, ಹಿಂದೆ ಮಂಗಳೂರು ಹೆಂಚು. ಇಂಥ ಮನೆಗೆ ಮಾಲೀಕರು ಒಂದು ಬೆಲೆ ಹೇಳಿದರೆ ಬ್ರೋಕರ್ ಇನ್ನೊಂದು ಹೇಳುತ್ತಾರೆ. ಸಬ್ ರಿಜಿಸ್ಟ್ರಾರ್ ಕಚೇರಿಯ ಪಟ್ಟಿಯಲ್ಲಿ ಮತ್ತೊಂದು ಇರುತ್ತದೆ. ಕಾರಣ ಕೊಟ್ಟು ಬೆಲೆ ಕಟ್ಟಿ, ಅದಕ್ಕೆ ಸಹಿ ಹಾಕಿ ಹೊಣೆ ಹೊರುವವರು ಮೌಲ್ಯಮಾಪಕರು. ಈ ಕೆಲಸಕ್ಕೆ ಬರಲು ಬಯಸುವ ಹುಡುಗ ಹುಡುಗಿಯರು ಓದಿನ ದಾರಿಯನ್ನು ಪಿಯುಸಿಯಲ್ಲೇ ತಿಳಿದುಕೊಂಡರೆ ವರ್ಷಗಳು ಉಳಿಯುತ್ತವೆ.

1. ಮೊದಲು ನಿಯಮ ಓದಿ. ಕಂಪನಿ ಕಾಯ್ದೆ 2013ರ 247ನೇ ಸೆಕ್ಷನ್ ನೋಂದಾಯಿತ ಮೌಲ್ಯಮಾಪಕರ ಬಗ್ಗೆ ಹೇಳುತ್ತದೆ. ಅದರಡಿ 2017ರಲ್ಲಿ ನಿಯಮಗಳು ಬಂದವು. ನೋಂದಣಿ ಕೊಡುವುದು ಭಾರತೀಯ ದಿವಾಳಿತನ ಮಂಡಳಿ, ಅಂದರೆ ಐಬಿಬಿಐ. ಆಸ್ತಿಯಲ್ಲಿ ಮೂರು ವರ್ಗಗಳಿವೆ: ಭೂಮಿ ಮತ್ತು ಕಟ್ಟಡ, ಯಂತ್ರೋಪಕರಣ, ಷೇರು ಮುಂತಾದ ಹಣಕಾಸು ಆಸ್ತಿ. ಮನೆ, ನಿವೇಶನಕ್ಕೆ ಬೆಲೆ ಕಟ್ಟುವವರಿಗೆ ಬೇಕಾದದ್ದು ಮೊದಲನೆಯದು.

2. ಪದವಿ ಸರಿಯಾಗಿ ಆರಿಸಿ. ಈ ವರ್ಗಕ್ಕೆ ಸಿವಿಲ್ ಇಂಜಿನಿಯರಿಂಗ್, ವಾಸ್ತುಶಿಲ್ಪ ಅಥವಾ ನಗರ ಯೋಜನೆಯ ಪದವಿ ಬೇಕು. ಬಿ.ಕಾಂ ಮಾಡಿ ಆಮೇಲೆ ಇತ್ತ ತಿರುಗುತ್ತೇನೆ ಎಂದರೆ ಕಷ್ಟ. ಓದಲು ಊರು ಬಿಡಬೇಕಾಗಿಯೂ ಇಲ್ಲ. 1946ರಲ್ಲಿ ಶುರುವಾದ ಎನ್‌ಐಇ, 1963ರ ಎಸ್‌ಜೆಸಿಇ ಎರಡೂ ಇಂಜಿನಿಯರಿಂಗ್ ಕಾಲೇಜುಗಳು ಮೈಸೂರಿನಲ್ಲೇ ಇವೆ.

3. ಡಿಪ್ಲೊಮಾಕ್ಕೆ ನಿಲ್ಲಬೇಡಿ. ಡಿಪ್ಲೊಮಾ ಮುಗಿಸಿ ಸೈಟಿನಲ್ಲಿ ಹತ್ತು ವರ್ಷ ದುಡಿದವರೂ ನೋಂದಣಿಗೆ ಬಂದಾಗ ಪದವಿಯಿಲ್ಲದೆ ಹಿಂದೆ ಉಳಿಯುತ್ತಾರೆ. ನಿಯಮ ಲೆಕ್ಕಕ್ಕೆ ಹಿಡಿಯುವುದು ಪದವಿಯ ನಂತರದ ಅನುಭವವನ್ನು ಮಾತ್ರ. ಡಿಪ್ಲೊಮಾದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಬಿ.ಇ.ಗೆ ಸೇರಬಹುದು. ತಡ ಮಾಡಿದಷ್ಟೂ ನಷ್ಟ.

4. ವರ್ಷಗಳ ಲೆಕ್ಕ ಹಾಕಿ. ಪದವೀಧರರಿಗೆ 5 ವರ್ಷ, ಸ್ನಾತಕೋತ್ತರ ಪದವಿ ಪಡೆದವರಿಗೆ ಆ ನಂತರ 3 ವರ್ಷ ಅನುಭವ ಬೇಕು. ನಾಲ್ಕು ವರ್ಷದ ಬಿ.ಇ. ಜೊತೆಗೆ ಐದು ವರ್ಷ ಕೆಲಸ, ಒಟ್ಟು ಒಂಬತ್ತು. ಬಿ.ಇ. ನಾಲ್ಕು, ಎಂ.ಟೆಕ್. ಎರಡು, ಕೆಲಸ ಮೂರು, ಇದೂ ಒಂಬತ್ತೇ. ಹಾಗಾಗಿ ಹೆಚ್ಚು ಓದಿದರೆ ತಡವಾಗುತ್ತದೆಂಬ ಭಯ ಬೇಡ. ಬಿ.ಆರ್ಕ್. ಐದು ವರ್ಷದ್ದಾದ್ದರಿಂದ ಆ ದಾರಿಯಲ್ಲಿ ಹತ್ತು ವರ್ಷ ಹಿಡಿಯುತ್ತದೆ.

5. ಅನುಭವಕ್ಕೆ ಕಾಗದ ಇಟ್ಟುಕೊಳ್ಳಿ. ಗುತ್ತಿಗೆದಾರರ ಬಳಿಯೋ ವಾಸ್ತುಶಿಲ್ಪಿಗಳ ಕಚೇರಿಯಲ್ಲೋ ಸೇರಿದ ದಿನವೇ ನೇಮಕ ಪತ್ರ ಕೇಳಿ. ಬಿಡುವಾಗ ಅನುಭವ ಪತ್ರದಲ್ಲಿ ತಾರೀಖು, ಹುದ್ದೆ, ಮಾಡಿದ ಕೆಲಸ ಎಲ್ಲವನ್ನೂ ಬರೆಸಿಕೊಳ್ಳಿ. ಬಾಯಿಮಾತಿನ ಅನುಭವ ಅರ್ಜಿಯಲ್ಲಿ ನಿಲ್ಲುವುದಿಲ್ಲ.

6. ಪತ್ರ ಓದಲು ಕಲಿಯಿರಿ. ಕಾಲೇಜು ಕಾಂಕ್ರೀಟಿನ ಬಲ ಕಲಿಸುತ್ತದೆ, ಕ್ರಯಪತ್ರದ ಭಾಷೆಯನ್ನು ನೀವೇ ಕಲಿಯಬೇಕು. ಖಾತಾ, ಕಂದಾಯ ರಸೀದಿ, ಋಣಭಾರ ಪತ್ರ, ವಿಭಾಗ ಪತ್ರ ಎಲ್ಲವನ್ನೂ ಎದುರಿಗಿಟ್ಟುಕೊಂಡು ಕೂರಿ. ಚಕ್ಕುಬಂದಿಯಲ್ಲಿ, ಅಂದರೆ ನಾಲ್ಕು ದಿಕ್ಕಿನ ಎಲ್ಲೆಯ ವಿವರದಲ್ಲಿ, ಪೂರ್ವಕ್ಕೆ ರಸ್ತೆ ಎಂದಿದ್ದು, ಸ್ಥಳದಲ್ಲಿ ಇನ್ನೊಬ್ಬರ ಗೋಡೆ ಇದ್ದರೆ ಅಲ್ಲೇ ಪೆನ್ನು ನಿಲ್ಲಲಿ. ಸರ್ಕಾರದ ಮಾರ್ಗಸೂಚಿ ದರ ಮುದ್ರಾಂಕ ಶುಲ್ಕಕ್ಕಾಗಿ ಇರುವುದು. ರಾಜ್ಯದಲ್ಲಿ ಅದು 2023ರ ಅಕ್ಟೋಬರ್ 1ರಂದು ಪರಿಷ್ಕರಣೆಯಾಯಿತು. ಅದನ್ನೇ ಮಾರುಕಟ್ಟೆ ಬೆಲೆ ಎಂದು ನಕಲು ಮಾಡಬೇಡಿ.

7. ನಿಮ್ಮ ಬೀದಿಯಲ್ಲೇ ಅಭ್ಯಾಸ ಮಾಡಿ. ಪರಿಚಯದವರ 20 ಅಡಿಗೆ 30 ಅಡಿಯ ಹಳೆಯ ಮನೆಯೊಂದಕ್ಕೆ ಟೇಪು ಹಿಡಿದು ಹೋಗಿ. ಜಾಗ 600 ಚದರಡಿ. ಜಂಟಿ ಗೋಡೆಯ ಪೂರ್ತಿ ದಪ್ಪ ಇವರದಲ್ಲ, ಅದನ್ನು ಗುರುತು ಹಾಕಿಕೊಳ್ಳಿ. ಜಂತೆ ಹುಳು ತಿಂದಿದೆಯೇ, ತಾರಸಿ ಸೋರುತ್ತದೆಯೇ, ಬಾಡಿಗೆದಾರರಿದ್ದಾರೆಯೇ, ಭೋಗ್ಯದ ಹಣ ಮಾಲೀಕರ ತಲೆಯ ಮೇಲಿದೆಯೇ ಎಂದು ಕೇಳಿ ಬರೆದುಕೊಳ್ಳಿ. ಆಮೇಲೆ ಸವಕಳಿ ಲೆಕ್ಕ ಹಾಕಿ. ಕಟ್ಟಡದ ಆಯಸ್ಸು 80 ವರ್ಷ, ಈಗಿನ ವಯಸ್ಸು 40, ಕೊನೆಗೆ ಉಳಿಯುವ ಮೌಲ್ಯ ಶೇ. 10 ಎಂದಿಟ್ಟುಕೊಳ್ಳಿ. ಸವಕಳಿ ಶೇ. 45. ಇಂದು ಅದನ್ನೇ ಹೊಸದಾಗಿ ಕಟ್ಟಲು 10 ಲಕ್ಷ ಆಗುವುದಾದರೆ ಕಟ್ಟಡದ ಬೆಲೆ ಐದೂವರೆ ಲಕ್ಷ. ಜಾಗದ ಬೆಲೆ ಬೇರೆ. ಇಂಥ ಹತ್ತು ಮನೆ ಅಳೆದವರಿಗೆ ಪಠ್ಯ ತಾನಾಗಿ ಅರ್ಥವಾಗುತ್ತದೆ.

8. ಕೋರ್ಸ್, ಪರೀಕ್ಷೆ, ನೋಂದಣಿ, ಈ ಕ್ರಮ ತಪ್ಪಿಸಬೇಡಿ. ಮಾನ್ಯತೆ ಪಡೆದ ಮೌಲ್ಯಮಾಪಕರ ಸಂಸ್ಥೆಯೊಂದರ ಸದಸ್ಯರಾಗಿ 50 ಗಂಟೆಗಳ ಕೋರ್ಸ್ ಮುಗಿಸಬೇಕು. ಪರೀಕ್ಷೆ ಕಂಪ್ಯೂಟರಿನಲ್ಲಿ: ಎರಡು ಗಂಟೆ, 100 ಅಂಕ, ತೇರ್ಗಡೆಗೆ 60. ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದಲ್ಲಿ ಕಾಲು ಭಾಗ ಕಳೆಯುತ್ತಾರೆ, ಆದ್ದರಿಂದ ಊಹೆಯ ಉತ್ತರ ಬೇಡ. ಮೌಲ್ಯಮಾಪನದ ವಿಧಾನಗಳ ಜೊತೆಗೆ ಅರ್ಥಶಾಸ್ತ್ರ, ಆಸ್ತಿ ಕಾನೂನು, ವೃತ್ತಿನೀತಿಯನ್ನೂ ಓದಿ. ಪಾಸಾದ ಮೂರು ವರ್ಷದೊಳಗೆ ನೋಂದಣಿಗೆ ಅರ್ಜಿ ಹಾಕಬೇಕು. ಬ್ಯಾಂಕುಗಳು ತಮ್ಮದೇ ಪಟ್ಟಿ ಇಟ್ಟುಕೊಳ್ಳುತ್ತವೆ, ತೆರಿಗೆ ಇಲಾಖೆಯ ನೋಂದಣಿಯೂ ಬೇರೆ. ಒಂದು ಸಿಕ್ಕ ಮಾತ್ರಕ್ಕೆ ಉಳಿದವೂ ಸಿಕ್ಕವು ಎಂದುಕೊಳ್ಳಬೇಡಿ.

9. ಹೇಳಿಸಿಕೊಂಡ ಬೆಲೆ ಬರೆಯಬೇಡಿ. ‘ಲೋನ್ ಸ್ವಲ್ಪ ಜಾಸ್ತಿ ಬೇಕು, ನೋಡಿ ಹಾಕಿಬಿಡಿ ಸಾರ್’ ಎನ್ನುವವರು ಖಂಡಿತ ಬರುತ್ತಾರೆ, ನೆರೆಯವರೂ ನೆಂಟರೂ ಆಗಿರುತ್ತಾರೆ. ಏರಿಸಿ ಬರೆದ ಬೆಲೆಗೆ ಸಾಲ ಸಿಗುತ್ತದೆ, ಕಂತು ಕಟ್ಟಲಾಗದೆ ಮನೆ ಹರಾಜಿಗೆ ಬಂದ ದಿನ ಆ ಬೆಲೆ ಸಿಗುವುದಿಲ್ಲ. ಮನೆ ಹೋದ ಮೇಲೂ ಸಾಲ ಉಳಿಯುವುದು ಅದೇ ನೆರೆಯವರ ತಲೆಯ ಮೇಲೆ. ಅವರ ಮೇಲೆ ನಿಜವಾದ ಪ್ರೀತಿ ಇದ್ದರೆ ಸರಿಯಾದ ಅಂಕಿಯನ್ನೇ ಬರೆಯಿರಿ.

ಒಂಬತ್ತು ವರ್ಷ ಎಂದಾಗ ದೀರ್ಘ ಅನ್ನಿಸಬಹುದು. ಆದರೆ ಮೊದಲ ಪಾಠ ಮನೆಯಲ್ಲೇ ಇದೆ. ಈ ಭಾನುವಾರ ಅಪ್ಪ ಅಮ್ಮನನ್ನು ಕೇಳಿ ಪೆಟ್ಟಿಗೆಯಲ್ಲಿರುವ ಕ್ರಯಪತ್ರ ತೆಗೆಸಿ, ಚಕ್ಕುಬಂದಿ ಓದಿ, ಟೇಪು ಹಿಡಿದು ನಾಲ್ಕೂ ದಿಕ್ಕು ಅಳೆದು ನೋಡಿ.