ಒಂದೇ ತುಳಿತಕ್ಕೆ ಮೂರು ಪೆಟ್ಟಿಗೆ

ದೀಪಾವಳಿಯ ಬಲಿಪಾಡ್ಯಮಿಯಂದು ತುಮಕೂರಿನ ಸಮೀಪದ ಗೂಳೂರಿನಲ್ಲಿ ಮಣ್ಣಿನ ಮಹಾಗಣಪತಿಯ ಪ್ರತಿಷ್ಠೆಯಾಗುತ್ತದೆ. ಅಲ್ಲಿಂದ ಸುಮಾರು ಒಂದು ತಿಂಗಳು ಊರಿಗೆಲ್ಲ ಉತ್ಸವ. ನಮ್ಮ ಸೀಮೆಯ ಇಂಥ ಉತ್ಸವಗಳಲ್ಲಿ ಹರಿಕಥೆ, ನಾಟಕಗಳೊಡನೆ ಆರ್ಕೆಸ್ಟ್ರಾ ಕೂಡ ಈಗ ವಾಡಿಕೆಯಾಗಿದೆ. ವೇದಿಕೆಯ ಹತ್ತಿರ ಕುಳಿತವರು ಗಿಟಾರ್ ವಾದಕನ ಬೆರಳುಗಳನ್ನು ನೋಡುತ್ತಾರೆ. ಭೌತಶಾಸ್ತ್ರದ ವಿದ್ಯಾರ್ಥಿಯಾದವನು ಅವನ ಪಾದವನ್ನೂ ನೋಡಬೇಕು. ಅಲ್ಲಿ ಅಂಗೈಯಗಲದ ಲೋಹದ ಪೆಟ್ಟಿಗೆಗಳು ಸಾಲಾಗಿರುತ್ತವೆ. ಒಂದು ಪೆಟ್ಟಿಗೆ ಸ್ವರವನ್ನು ಒರಟುಗೊಳಿಸುತ್ತದೆ, ಇನ್ನೊಂದು ಪ್ರತಿಧ್ವನಿಯನ್ನು ಹುಟ್ಟಿಸುತ್ತದೆ, ಮತ್ತೊಂದು ಸ್ವರವನ್ನು ತೊಟ್ಟಿಲಿನಂತೆ ತೂಗುತ್ತದೆ. 1962ರಲ್ಲಿ ಮಾರಾಟಕ್ಕೆ ಬಂದ ‘ಮೇಸ್ಟ್ರೋ ಫಜ್-ಟೋನ್’ ಈ ವಂಶದ ಹಿರಿಯರಲ್ಲೊಂದು.

ಪಲ್ಲವಿಯಲ್ಲಿ ತೂಗುವ ಸ್ವರ ಬೇಕು. ಅದು ಮುಗಿದೊಡನೆ ಬರುವ ವಾದ್ಯಭಾಗದಲ್ಲಿ ತೂಗಾಟ ನಿಂತು, ಒರಟು ಧ್ವನಿಯೂ ಪ್ರತಿಧ್ವನಿಯೂ ಒಟ್ಟಿಗೆ ಬರಬೇಕು ಎಂದಿಟ್ಟುಕೊಳ್ಳೋಣ. ಮೂರು ಪೆಟ್ಟಿಗೆಗಳನ್ನು ತುಳಿಯಬೇಕು. ನಿಮಿಷಕ್ಕೆ 120 ಪೆಟ್ಟಿನ ನಡೆಯಲ್ಲಿ ಎರಡು ಪೆಟ್ಟುಗಳ ನಡುವಣ ಅವಧಿ ಅರ್ಧ ಸೆಕೆಂಡು ಮಾತ್ರ. ಹಾಗಾದರೆ ಮೂರರ ಮೇಲೂ ಒಂದು ಹಲಗೆಯನ್ನಿಟ್ಟು ತುಳಿದರಾಯಿತಲ್ಲವೆ?

ಉಪಾಯವೇನೋ ಚೆನ್ನಾಗಿದೆ, ಆದರೆ ನಿಲ್ಲುವುದಿಲ್ಲ. ಈ ಪೆಟ್ಟಿಗೆಗಳ ಸ್ವಿಚ್ಚು ಒಮ್ಮೆ ತುಳಿದರೆ ಚಾಲೂ, ಮತ್ತೊಮ್ಮೆ ತುಳಿದರೆ ಬಂದ್ ಎಂಬ ಜಾತಿಯದು. ತುಳಿತವು ಅದಕ್ಕೆ ‘ಬದಲಾಗು’ ಎಂದಷ್ಟೇ ಹೇಳುತ್ತದೆ. ‘ಚಾಲೂ ಆಗು’ ಎಂದು ಹೇಳುವುದಿಲ್ಲ. ಹಲಗೆಯ ಕೆಳಗೆ ಒಂದು ಪೆಟ್ಟಿಗೆ ಒಮ್ಮೆ ಸರಿಯಾಗಿ ಅದುಮಿಕೊಳ್ಳದೆ ಹೋಯಿತೆನ್ನಿ. ಅಲ್ಲಿಂದ ಮುಂದೆ ಪ್ರತಿ ತುಳಿತಕ್ಕೂ ಅದು ಉಳಿದವುಗಳಿಗೆ ತದ್ವಿರುದ್ಧವಾಗಿ ನಡೆಯುತ್ತದೆ. ಹಾಡು ಮುಗಿಯುವವರೆಗೂ ಆ ತಪ್ಪು ತಾನಾಗಿ ಸರಿಹೋಗದು. ಆದುದರಿಂದ ನಮಗೆ ಬೇಕಾದದ್ದು, ಹಿಂದಿನ ಸ್ಥಿತಿ ಏನೇ ಇರಲಿ, ಕಾಲಿನ ಸ್ವಿಚ್ಚಿನ ಒಂದು ಸ್ಥಾನಕ್ಕೆ ಒಂದೇ ಸ್ಥಿತಿ ನಿಯತವಾಗಿರುವ ಏರ್ಪಾಡು.

ಇದನ್ನು ಸಾಧಿಸಿಕೊಡುವುದು ರಿಲೇ. 1835ರ ಸುಮಾರಿಗೆ ಅಮೆರಿಕದ ಜೋಸೆಫ್ ಹೆನ್ರಿ ರೂಪಿಸಿದ, ತಂತಿಟಪಾಲಿನ ಕಾಲದ ಹಳೆಯ ಸಾಧನ. ಸುರುಳಿಯಲ್ಲಿ ವಿದ್ಯುತ್ತು ಹರಿದಾಗ ಅದು ಅಯಸ್ಕಾಂತವಾಗಿ ಒಂದು ಸನ್ನೆಯನ್ನು ಸೆಳೆಯುತ್ತದೆ. ಸನ್ನೆಯು ಒಂದು ಸಂಪರ್ಕವನ್ನು ಬಿಡಿಸಿ ಇನ್ನೊಂದನ್ನು ಕೂಡಿಸುತ್ತದೆ. ವಿದ್ಯುತ್ತು ನಿಂತರೆ ಸ್ಪ್ರಿಂಗು ಮೊದಲಿನ ಸ್ಥಿತಿಗೆ ಎಳೆಯುತ್ತದೆ. ಸುರುಳಿಗೂ ಸಂಪರ್ಕಗಳಿಗೂ ವಿದ್ಯುತ್ಸಂಬಂಧವೇ ಇಲ್ಲವೆಂಬುದು ಇಲ್ಲಿಯ ಸೊಗಸು. ಕಾಲಿನ ಸ್ವಿಚ್ಚಿನಲ್ಲಿ ಗಿಟಾರಿನ ಧ್ವನಿಸಂಕೇತ ಹರಿಯುವುದೇ ಇಲ್ಲ, ಅಪ್ಪಣೆ ಮಾತ್ರ ಹರಿಯುತ್ತದೆ.

ಪ್ರತಿ ಪೆಟ್ಟಿಗೆಗೂ ಎರಡು ಜೊತೆ ಸಂಪರ್ಕಗಳುಳ್ಳ ಒಂದೊಂದು ರಿಲೇ ಬೇಕು. ಒಂದು ಜೊತೆ ಸಂಕೇತವನ್ನು ಪೆಟ್ಟಿಗೆಯ ಒಳದಾರಿಗೆ ಕಳುಹಿಸುತ್ತದೆ, ಇನ್ನೊಂದು ಹೊರದಾರಿಯಿಂದ ಬರಮಾಡಿಕೊಳ್ಳುತ್ತದೆ. ಎದುರು ಸ್ಥಾನದಲ್ಲಿ ಎರಡೂ ಸೇರಿ ಪೆಟ್ಟಿಗೆಯನ್ನು ಬಳಸಿ ಹೋಗುವ ನೇರದಾರಿಯಾಗುತ್ತವೆ. ಪೆಟ್ಟಿಗೆಗಳ ಸ್ವಂತ ಸ್ವಿಚ್ಚುಗಳನ್ನು ಸದಾ ಚಾಲೂ ಸ್ಥಿತಿಯಲ್ಲೇ ಬಿಡತಕ್ಕದ್ದು. ಒರಟು ಧ್ವನಿ ಮತ್ತು ಪ್ರತಿಧ್ವನಿಯ ಪೆಟ್ಟಿಗೆಗಳನ್ನು ವಿದ್ಯುತ್ತು ಹರಿದಾಗ ಕೂಡುವ ಸಂಪರ್ಕಗಳಿಗೂ, ತೂಗುವ ಪೆಟ್ಟಿಗೆಯನ್ನು ವಿದ್ಯುತ್ತು ಇಲ್ಲದಾಗ ಕೂಡಿರುವ ಸಂಪರ್ಕಗಳಿಗೂ ಜೋಡಿಸಿ, ಮೂರು ಸುರುಳಿಗಳನ್ನು ಸಮಾಂತರವಾಗಿ ಒಂದೇ ಸ್ವಿಚ್ಚಿಗೆ ಕೊಟ್ಟರೆ ಕೆಲಸ ಮುಗಿಯಿತು. ತುಳಿದು ನಿಲ್ಲಿಸಿದಾಗ ಎರಡು ಒಳಬರುತ್ತವೆ, ಒಂದು ಹೊರಹೋಗುತ್ತದೆ. ವಿದ್ಯುತ್ತು ಕೈಕೊಟ್ಟರೂ ಪಲ್ಲವಿಯ ಸ್ವರಕ್ಕೇ ಹಿಂದಿರುಗುತ್ತದೆ.

5 ವೋಲ್ಟಿನ, 180 ಓಮ್ ರೋಧವುಳ್ಳ ಒಂದು ಸುರುಳಿಗೆ ಓಮನ ನಿಯಮದಂತೆ ಸುಮಾರು 28 ಮಿಲಿಆಂಪೇರ್ ಸಾಕು. ಮೂರಕ್ಕೂ ಸೇರಿ 84. ಸಣ್ಣ ರಿಲೇಯ ಸನ್ನೆ ಕೆಲವೇ ಮಿಲಿಸೆಕೆಂಡುಗಳಲ್ಲಿ ಸರಿಯುತ್ತದೆ. ಅರ್ಧ ಸೆಕೆಂಡಿನ ಎದುರಿಗೆ ಇದು ಲೆಕ್ಕಕ್ಕಿಲ್ಲ. ಆದರೆ ಮೋಟಾರುಗಾಡಿಯ ರಿಲೇಯನ್ನು ತಂದು ಕೂಡಿಸಬೇಡಿ. ಅದರ ಸಂಪರ್ಕಗಳ ಮೇಲೆ ಕೂರುವ ತೆಳು ಆಕ್ಸೈಡು ಪದರವನ್ನು ಭೇದಿಸಲು ಗಾಡಿಯ ದೀಪದ ವಿದ್ಯುತ್ತಿಗೆ ಶಕ್ತಿಯುಂಟು. ಒಂದು ವೋಲ್ಟನ್ನೂ ಮುಟ್ಟದ ಗಿಟಾರಿನ ಸಂಕೇತಕ್ಕಿಲ್ಲ. ಚಿನ್ನದ ಲೇಪವುಳ್ಳ ಸಂಪರ್ಕಗಳ ರಿಲೇಯೇ ಆಗಬೇಕು.

ಇನ್ನು ‘ಠಪ್’ ಎಂಬ ಸದ್ದಿನ ತಂಟೆ. ಸ್ವಿಚ್ಚು ಬಿಟ್ಟೊಡನೆ ಸುರುಳಿಯ ಕಾಂತಕ್ಷೇತ್ರ ಕುಸಿದು, ಲೆಂಜ್ ನಿಯಮದಂತೆ, ಪೂರೈಕೆಯ 5 ವೋಲ್ಟನ್ನು ಬಹುವಾಗಿ ಮೀರುವ ವಿದ್ಯುಚ್ಚಾಲಕ ಬಲವನ್ನು ಪ್ರೇರಿಸುತ್ತದೆ; ಸ್ವಿಚ್ಚಿನಲ್ಲಿ ಕಿಡಿ, ಧ್ವನಿವರ್ಧಕದಲ್ಲಿ ಸಿಡಿತ. ಸುರುಳಿಗೆ ಅಡ್ಡಲಾಗಿ, ಸಾಮಾನ್ಯವಾಗಿ ವಿದ್ಯುತ್ತು ಹರಿಯದಂತೆ ಹಿಮ್ಮುಖವಾಗಿಟ್ಟ ಡಯೋಡು ಆ ವಿದ್ಯುತ್ತಿಗೆ ಸುರುಳಿಯೊಳಗೇ ದಾರಿಮಾಡಿಕೊಡುತ್ತದೆ. ಎರಡನೆಯ ಕಾರಣ ಪೆಟ್ಟಿಗೆಗಳದು: ಅವುಗಳ ಒಳ-ಹೊರದಾರಿಗಳಲ್ಲಿರುವ ಧಾರಕಗಳು ಅಲ್ಪಸ್ವಲ್ಪ ಸೋರುತ್ತವೆ, ಸಂಪರ್ಕ ಕಡಿದಿರುವಾಗ ಆ ತುದಿಗಳಲ್ಲಿ ವಿದ್ಯುದಂಶ ಸಂಗ್ರಹವಾಗಿ, ಕೂಡಿದೊಡನೆ ಒಮ್ಮೆಗೇ ಇಳಿಯುತ್ತದೆ. ಒಂದೊಂದು ತುದಿಯಿಂದ ಭೂತಂತಿಗೆ 10 ಲಕ್ಷ ಓಮಿನ ರೋಧಕವನ್ನು ಹಾಕಿದರೆ ಅದು ಮೆಲ್ಲನೆ ಹರಿದುಹೋಗುತ್ತದೆ, ಸ್ವರಕ್ಕೆ ಬಾಧೆಯಿಲ್ಲ. ಆಮೇಲೂ ‘ಟಿಕ್’ ಎಂದು ಕೇಳಿಸಿದರೆ ಅದು ಸನ್ನೆ ಬಡಿದ ಸದ್ದು. ಡ್ರಮ್ಮಿನ ಪಕ್ಕದಲ್ಲಿ ಅದು ವಾದಕನಿಗೂ ಕೇಳಿಸದು.