ಹೊಸ ಫೋನಿಗೆ ಮುನ್ನ ಹಳೆಯ ಬಿಲ್ಲು ನೋಡಿ

ಅಮೆರಿಕದಲ್ಲಿ ‘ಫೋನು ಉಚಿತ’ ಎಂಬ ಜಾಹೀರಾತು ಕಂಡು ಅಂಗಡಿಗೆ ಹೊರಟ ಕನ್ನಡಿಗರೇ, ಸ್ವಲ್ಪ ತಡೆಯಿರಿ. ವೆರೈಝನ್, ಎಟಿ ಅಂಡ್ ಟಿ ಕಂಪನಿಗಳ ಇಂಥ ಕೊಡುಗೆ ಸಾಮಾನ್ಯವಾಗಿ 36 ತಿಂಗಳ ಕಂತಿನ ಕರಾರು. ರಿಯಾಯಿತಿ ಒಟ್ಟಿಗೆ ಸಿಗುವುದಿಲ್ಲ, ತಿಂಗಳು ತಿಂಗಳು ಬಿಲ್ಲಿನಲ್ಲಿ ಕಳೆಯುತ್ತದೆ.

720 ಡಾಲರಿನ ಫೋನು ಎನ್ನೋಣ. ತಿಂಗಳಿಗೆ 20 ಡಾಲರ್ ಕಂತು, ಅಷ್ಟೇ ಕಡಿತ. 18 ತಿಂಗಳಾದ ಮೇಲೆ ಹೊಸ ಮಾದರಿಗೆ ಮನಸೋತು ಕಂಪನಿ ಬದಲಿಸಿದರೆ ಉಳಿದ ರಿಯಾಯಿತಿ ನಿಂತುಹೋಗುತ್ತದೆ. ಬಾಕಿ 360 ಡಾಲರ್ ಕೈಯಿಂದ ಕಟ್ಟಬೇಕು. ವಿನಿಮಯಕ್ಕೆ ಹಳೆಯ ಫೋನು ಕೊಟ್ಟಿದ್ದರೆ ಅದಂತೂ ವಾಪಸು ಬರುವುದಿಲ್ಲ.

ಊರಿಗೆ ಬರುವಾಗ ಕೈಲಿರುವ ಫೋನನ್ನು ಅಪ್ಪ–ಅಮ್ಮನಿಗೆ ಕೊಡುವ ಆಸೆಯೇ? ಒಳ್ಳೆಯ ಆಸೆಯೇ, ಆದರೆ ಇನ್ನೂ ಎಚ್ಚರ ಬೇಕು. ಎಟಿ ಅಂಡ್ ಟಿ ಪೂರ್ತಿ ಹಣ ತೀರುವ ತನಕ ಫೋನಿನ ನೆಟ್‌ವರ್ಕ್ ಲಾಕ್ ತೆಗೆಯುವುದಿಲ್ಲ. ಲಾಕ್ ಇರುವ ಫೋನಿನಲ್ಲಿ ನಮ್ಮೂರಿನ ಸಿಮ್ ನಡೆಯದು. ಲಾಕ್ ತೆಗೆದರೂ ಇನ್ನೊಂದು ತೊಡಕು: 2022ರ ಐಫೋನ್ 14ರಿಂದ ಮೊದಲ್ಗೊಂಡು ಅಮೆರಿಕಕ್ಕೆಂದು ಬಂದ ಐಫೋನುಗಳಲ್ಲಿ ಸಿಮ್ ಕಾರ್ಡು ಹಾಕುವ ಜಾಗವೇ ಇಲ್ಲ, ಇ-ಸಿಮ್ ಮಾತ್ರ.

ಅಂಗಡಿಯವರ ಬಾಯಿಮಾತು ನಂಬಿ ಸಹಿ ಹಾಕಬೇಡಿ. ಬಾಕಿ ಎಷ್ಟು, ರಿಯಾಯಿತಿ ಇನ್ನೆಷ್ಟು ತಿಂಗಳು, ಲಾಕ್ ಯಾವಾಗ ತೆಗೆಯುತ್ತಾರೆ ಎಂಬುದನ್ನು ಮೊದಲೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.